ತುಕ್ಕು ಹೋದೀತು, ಹೋದ ಕಬ್ಬಿಣ ಬಂದೀತೆ?

ಹಿತ್ತಲಿನ ಕೊಟ್ಟಿಗೆಯಲ್ಲೋ ಮನೆಯ ಮಗ್ಗುಲಿನ ಶೀಟಿನ ಮಾಡಿನ ಕೆಳಗೋ ಗೋಣಿತಾಟು ಹೊದ್ದು ನಿಂತ ಹಳೆಯ ಜಾವಾ ಅಥವಾ ಯೆಜ್ಡಿ ಮೋಟಾರ್ ಸೈಕಲ್ ಮೈಸೂರು ಸೀಮೆಯ ಮನೆಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಅಜ್ಜ ನೌಕರಿಯ ದಿನಗಳಲ್ಲಿ ಕೊಂಡದ್ದು, ಅಪ್ಪ ಕಾಲೇಜಿಗೆ ಓಡಿಸಿದ್ದು. ಪಾಲಿಟೆಕ್ನಿಕ್ ಸೇರಿದ ಮೊಮ್ಮಗನಿಗೆ ಅದನ್ನು ಮತ್ತೆ ರಸ್ತೆಗಿಳಿಸುವ ಆಸೆ. ಮನೆಯ ಹಿರಿಯರಿಗೆ ಗುಜರಿಗೆ ಹಾಕಿ ಜಾಗ ಬಿಡಿಸಿಕೊಳ್ಳುವ ಯೋಚನೆ. ಈ ಎರಡರ ನಡುವೆ ಅಡ್ಡ ನಿಂತಿರುವುದು ತುಕ್ಕು.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಈ ಗಾಡಿಗಳು ತಯಾರಾದವು. ಮೊದಲು ಜಾವಾ, ಅನಂತರ ಯೆಜ್ಡಿ. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದವಾದರೂ ಅವು ಬೇರೆಯೇ ಎಂಜಿನ್ನಿನ ಹೊಸ ಗಾಡಿಗಳು. ಹಳೆಯ ಟೂ ಸ್ಟ್ರೋಕ್ ಗಾಡಿಯ ಮೂಲ ಬಿಡಿಭಾಗ ಬೇಕೆಂದರೆ ಗುಜರಿ ಅಂಗಡಿಗಳನ್ನು ಅಲೆಯಬೇಕು. ಕಿಕ್ ಹೊಡೆಯುವುದಕ್ಕೂ ಗೇರ್ ಬದಲಿಸುವುದಕ್ಕೂ ಒಂದೇ ಲಿವರ್ ಇದ್ದ ಗಾಡಿ ಅದು. ಅಂಥದೊಂದು ಲಿವರ್ ತುಕ್ಕು ಹಿಡಿದಿದ್ದರೆ ಎಸೆಯಲು ಮನಸ್ಸಾಗುವುದಿಲ್ಲ.

ತುಕ್ಕು ಬಿಡಿಸುವ ದ್ರಾವಣವನ್ನು ಮನೆಯಲ್ಲೇ ತಯಾರಿಸಿಕೊಳ್ಳಬಹುದು. ಬೇಕಾದ ಪದಾರ್ಥಗಳೆರಡೂ ಗ್ರಂಥಿಗೆ ಅಂಗಡಿಯಲ್ಲಿ, ಅಡುಗೆಮನೆಯ ಡಬ್ಬಿಯಲ್ಲಿ ಸಿಗುವಂಥವು. ಆದರೆ ದ್ರಾವಣ ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ತಿಳಿದು ಕೈ ಹಾಕಬೇಕು. ಏಕೆಂದರೆ ಫಳಫಳ ಹೊಳೆಯುವ ಬ್ರೇಕ್ ರಾಡ್ ಗಟ್ಟಿಯಾಗಿಯೂ ಇರಬೇಕೆಂದೇನಿಲ್ಲ.

ತುಕ್ಕು ಎಂದರೇನು?

ಕಬ್ಬಿಣ, ನೀರು ಮತ್ತು ಗಾಳಿಯಲ್ಲಿನ ಆಮ್ಲಜನಕ, ಈ ಮೂರೂ ಸೇರಿದಾಗ ತುಕ್ಕು ಹುಟ್ಟುತ್ತದೆ. ರಾಸಾಯನಿಕವಾಗಿ ಅದು ನೀರಿನ ಅಂಶವನ್ನು ಒಳಗೊಂಡ ಐರನ್ ಆಕ್ಸೈಡ್. ಉಪ್ಪಿನ ಅಂಶವಿದ್ದರೆ ಕ್ರಿಯೆ ಇನ್ನೂ ಚುರುಕಾಗುತ್ತದೆ. ಮಂಗಳೂರು, ಕಾರವಾರದ ಕಡಲ ಗಾಳಿಗೆ ನಿಂತ ಗಾಡಿ ಒಣಹವೆಯ ವಿಜಯಪುರದ ಗಾಡಿಗಿಂತ ಬೇಗ ಹಾಳಾಗುವುದು ಇದೇ ಕಾರಣಕ್ಕೆ.

ಅಲ್ಯೂಮಿನಿಯಂ ಕೂಡ ಗಾಳಿಯಲ್ಲಿ ಆಕ್ಸೈಡ್ ಆಗುತ್ತದೆ. ಆದರೆ ಆ ತೆಳು ಪದರ ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡು ಒಳಗಿನದನ್ನು ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಆ ಗುಣವಿಲ್ಲ. ಅದು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ, ಉಬ್ಬುತ್ತದೆ, ಹೊಪ್ಪಳೆಯಾಗಿ ಉದುರುತ್ತದೆ. ಉದುರಿದ ಜಾಗದಲ್ಲಿ ಹೊಸ ಕಬ್ಬಿಣ ನೀರಿಗೂ ಗಾಳಿಗೂ ಮೈಯೊಡ್ಡುತ್ತದೆ. ಹೀಗೆ ತುಕ್ಕು ನಿಲ್ಲದೆ ಒಳಗೆ ಸಾಗುತ್ತದೆ.

ಹೈಸ್ಕೂಲು ವಿದ್ಯಾರ್ಥಿಗಳು ಮಾಡಬಹುದಾದ ಒಂದು ಲೆಕ್ಕ ಇಲ್ಲಿದೆ. ಕಬ್ಬಿಣದ ಪರಮಾಣು ತೂಕ 56, ಆಮ್ಲಜನಕದ್ದು 16. ಎರಡು ಕಬ್ಬಿಣ, ಮೂರು ಆಮ್ಲಜನಕ ಸೇರಿದ ಐರನ್ ಆಕ್ಸೈಡಿನ ಅಣುತೂಕ 160. ಅದರಲ್ಲಿ ಕಬ್ಬಿಣದ ಪಾಲು 112, ಅಂದರೆ ನೂರಕ್ಕೆ 70. ತುಕ್ಕಿನಲ್ಲಿ ನೀರಿನ ಅಂಶವೂ ಇರುವುದರಿಂದ ಈ ಪಾಲು ಸ್ವಲ್ಪ ಕಡಿಮೆಯಾದೀತು. ಹೇಗೇ ಇರಲಿ, ಒಂದು ಭಾಗದಿಂದ 10 ಗ್ರಾಂ ತುಕ್ಕು ಉದುರಿತೆಂದರೆ 6ರಿಂದ 7 ಗ್ರಾಂನಷ್ಟು ಕಬ್ಬಿಣವೇ ಹೋಯಿತು ಎಂದು ಅರ್ಥ. ಯಾವ ದ್ರಾವಣವೂ ಅದನ್ನು ಮರಳಿ ತರಲಾರದು.

ಹುಳಿಯ ಕೆಲಸ

ತಾಮ್ರದ ಹಂಡೆ, ಹಿತ್ತಾಳೆಯ ದೀಪಗಳನ್ನು ಹುಣಸೆಹಣ್ಣಿನಿಂದ ಬೆಳಗುವುದು ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇರುವ ರೂಢಿ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಲೋಹದ ಮೇಲಿನ ಆಕ್ಸೈಡನ್ನು ಕರಗಿಸುತ್ತದೆ. ಕಬ್ಬಿಣದ ತುಕ್ಕಿಗೂ ಇದೇ ತತ್ತ್ವ. ಇಲ್ಲಿ ಹೆಚ್ಚು ಅನುಕೂಲವಾದದ್ದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ.

1784ರಲ್ಲಿ ಷೀಲೆ ಎಂಬ ರಸಾಯನ ವಿಜ್ಞಾನಿ ಇದನ್ನು ನಿಂಬೆರಸದಿಂದ ಮೊದಲಿಗೆ ಬೇರ್ಪಡಿಸಿದ. ಹೆಸರು ನಿಂಬೆ ಉಪ್ಪಾದರೂ ಇಂದು ಅಂಗಡಿಯಲ್ಲಿ ಸಿಗುವ ಹರಳು ನಿಂಬೆಯಿಂದ ಬಂದದ್ದಲ್ಲ. ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟು ಸಕ್ಕರೆಯ ದ್ರಾವಣದಲ್ಲಿ ಬೆಳೆಯುವಾಗ ಸಿಟ್ರಿಕ್ ಆಮ್ಲವನ್ನು ಹೇರಳವಾಗಿ ತಯಾರಿಸುತ್ತದೆಂದು ಜೇಮ್ಸ್ ಕರಿ 1917ರಲ್ಲಿ ತೋರಿಸಿಕೊಟ್ಟ. ಜಗತ್ತಿನ ಬಹುಪಾಲು ಸಿಟ್ರಿಕ್ ಆಮ್ಲ ಇಂದಿಗೂ ಆ ಬೂಷ್ಟಿನ ಕೊಡುಗೆ.

ಸಿಟ್ರಿಕ್ ಆಮ್ಲಕ್ಕೆ ಹುಳಿಯ ಜೊತೆಗೆ ಇನ್ನೊಂದು ಗುಣವೂ ಇದೆ. ಅದರ ಅಣು ಕಬ್ಬಿಣದ ಅಯಾನನ್ನು ಹಲವು ಕಡೆಯಿಂದ ಒಮ್ಮೆಗೇ ಹಿಡಿದುಕೊಳ್ಳುತ್ತದೆ. ಏಡಿ ತನ್ನ ಕೊಕ್ಕೆಗಳಿಂದ ಬೇಟೆಯನ್ನು ಹಿಡಿದಂತೆ. ವಿಜ್ಞಾನದಲ್ಲಿ ಇದಕ್ಕೆ ಕೀಲೇಶನ್ ಎನ್ನುತ್ತಾರೆ. ಏಡಿಯ ಕೊಕ್ಕೆ ಎಂಬ ಅರ್ಥದ ಗ್ರೀಕ್ ಪದದಿಂದಲೇ ಆ ಹೆಸರು ಬಂದಿದೆ. ಹೀಗೆ ಹಿಡಿದ ಕಬ್ಬಿಣ ದ್ರಾವಣದಲ್ಲೇ ಉಳಿಯುತ್ತದೆ, ಮತ್ತೆ ಭಾಗದ ಮೇಲೆ ಕೂರುವುದಿಲ್ಲ.

ಆದರೆ ಬರೀ ಆಮ್ಲಕ್ಕೆ ತುಕ್ಕು ಯಾವುದು, ಕಬ್ಬಿಣ ಯಾವುದು ಎಂಬ ಭೇದವಿಲ್ಲ. ತುಕ್ಕು ಮುಗಿದ ಮೇಲೆ ಅದು ಒಳ್ಳೆಯ ಕಬ್ಬಿಣವನ್ನೂ ತಿನ್ನತೊಡಗುತ್ತದೆ. ಆಗ ಸಣ್ಣ ಗುಳ್ಳೆಗಳು ಏಳುವುದನ್ನು ನೋಡಬಹುದು. ಅದು ಜಲಜನಕ. ರಾತ್ರಿ ನೆನೆಹಾಕಿ ಮರೆತರೆ ಬೆಳಿಗ್ಗೆ ಭಾಗದ ಮೈಯೆಲ್ಲ ಮಂಕು ಬೂದಿಬಣ್ಣಕ್ಕೆ ತಿರುಗಿರುತ್ತದೆ. ಇದಕ್ಕೆ ಪರಿಹಾರ ಅಡುಗೆ ಸೋಡ.

ಅಳತೆ, ವಿಧಾನ

ಒಂದು ಲೀಟರ್ ನೀರಿಗೆ 100 ಗ್ರಾಂ ನಿಂಬೆ ಉಪ್ಪು, 80 ಗ್ರಾಂ ಅಡುಗೆ ಸೋಡ. ಈ ಪ್ರಮಾಣ ಎಲ್ಲಿಂದ ಬಂತು? ನೀರಿನ ಅಂಶವುಳ್ಳ ಸಿಟ್ರಿಕ್ ಆಮ್ಲದ ಹರಳಿನ ಅಣುತೂಕ 210. ಅದರಲ್ಲಿ ಸೋಡದೊಡನೆ ವರ್ತಿಸಬಲ್ಲ ಜಲಜನಕಗಳು ಮೂರು. ಅಡುಗೆ ಸೋಡದ ಅಣುತೂಕ 84. ಮೂರರಲ್ಲಿ ಎರಡನ್ನು ಮಾತ್ರ ಶಮನಗೊಳಿಸಲು 168 ಸಾಕು. 210ಕ್ಕೆ 168 ಎಂದರೆ 100ಕ್ಕೆ 80. ಬರೀ ಸಿಟ್ರಿಕ್ ಆಮ್ಲದ ಇಷ್ಟೇ ಗಟ್ಟಿಯ ದ್ರಾವಣದ ಪಿಹೆಚ್ ಮೌಲ್ಯ 2ಕ್ಕಿಂತ ಕೆಳಗಿರುತ್ತದೆ. ಸೋಡ ಬೆರೆತ ಮೇಲೆ ಅದು 5ರಿಂದ 6ರ ನಡುವೆ ನಿಲ್ಲುತ್ತದೆ. ಹುಳಿಯ ಕಚ್ಚುವಿಕೆ ಸಾವಿರಾರು ಪಟ್ಟು ತಗ್ಗಿತು. ಕಬ್ಬಿಣವನ್ನು ಹಿಡಿಯುವ ಕೊಕ್ಕೆಗಳು ಮಾತ್ರ ಹಾಗೆಯೇ ಉಳಿದವು.

ಅಗಲ ಬಾಯಿಯ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ನಿಂಬೆ ಉಪ್ಪನ್ನು ಕರಗಿಸಬೇಕು. ಅನಂತರ ಸೋಡವನ್ನು ಚಮಚ ಚಮಚವಾಗಿ ಹಾಕಬೇಕು. ಒಮ್ಮೆಗೇ ಸುರಿದರೆ ನೊರೆ ಉಕ್ಕಿ ಹೊರಚೆಲ್ಲುತ್ತದೆ. 80 ಗ್ರಾಂ ಸೋಡದಿಂದ ಹೊರಬರುವ ಇಂಗಾಲದ ಡೈ ಆಕ್ಸೈಡ್ ಸುಮಾರು 23 ಲೀಟರ್! ಆದ್ದರಿಂದ ಮುಚ್ಚಳ ಬಿಗಿದ ಬಾಟಲಿಯಲ್ಲಿ ಈ ಕೆಲಸ ಸರ್ವಥಾ ಕೂಡದು, ಬಾಟಲಿ ಸಿಡಿದೀತು. ಗಾಳಿಯಾಡುವ ಜಾಗದಲ್ಲಿ, ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ತೊಟ್ಟು ಮಾಡಬೇಕು. ಚಿಕ್ಕ ಮಕ್ಕಳಾದರೆ ಹಿರಿಯರು ಪಕ್ಕದಲ್ಲಿರಬೇಕು.

ನೊರೆ ನಿಂತ ಮೇಲೆ ಎರಡು ಹನಿ ಪಾತ್ರೆ ತೊಳೆಯುವ ಸೋಪಿನ ದ್ರವ ಹಾಕಿದರೆ ದ್ರಾವಣ ಸಂದುಗೊಂದುಗಳಿಗೆ ಇಳಿಯುತ್ತದೆ. ಭಾಗಗಳ ಮೇಲಿನ ಗ್ರೀಸು, ಎಣ್ಣೆ, ಮಣ್ಣನ್ನು ಮೊದಲೇ ತೊಳೆದಿರಬೇಕು. ಗ್ರೀಸಿನ ಅಡಿಯ ತುಕ್ಕಿಗೆ ದ್ರಾವಣ ತಾಗುವುದಿಲ್ಲ. ಉದುರುವಂಥ ಹೊಪ್ಪಳೆಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದರೆ ದ್ರಾವಣದ ಶಕ್ತಿ ಉಳಿಯುತ್ತದೆ. ಭಾಗ ಪೂರ್ತಿ ಮುಳುಗಿರಬೇಕು. ಅರ್ಧ ಮುಳುಗಿಸಿದರೆ ನೀರಿನ ಮಟ್ಟದಲ್ಲಿ ಗೆರೆ ಕೊರೆದಂತಾಗುತ್ತದೆ.

ತೆಳು ತುಕ್ಕಾದರೆ ಕೆಲವು ಗಂಟೆ ಸಾಕು. ದಪ್ಪ ತುಕ್ಕಿಗೆ ಒಂದೆರಡು ದಿನ ಬೇಕಾದೀತು. ಆಗಾಗ ತೆಗೆದು ಬ್ರಷ್ಷಿನಿಂದ ಉಜ್ಜಿ ನೋಡುತ್ತಿರಬೇಕು. ಮೇಲೆ ಉಳಿಯುವ ಕಪ್ಪು ಪದರ ಉಜ್ಜಿದರೆ ಬಿಡುತ್ತದೆ.

ಗುಜರಿ ಅಂಗಡಿಗಳ ಆಸುಪಾಸಿನಲ್ಲಿ ಕೇಳಿಬರುವ ಇನ್ನೆರಡು ಉಪಾಯಗಳಿವೆ. ಒಂದು, ವಿನಿಗರಿಗೆ ಉಪ್ಪು ಬೆರೆಸುವುದು. ತುಕ್ಕು ಬೇಗ ಬಿಡುವುದು ನಿಜ. ಆದರೆ ಉಪ್ಪಿನ ಕ್ಲೋರೈಡ್ ಗುಳಿಗಳಲ್ಲಿ ಉಳಿದು ಮುಂದೆ ತುಕ್ಕನ್ನು ಮತ್ತೆ ಕರೆಯುತ್ತದೆ. ಎರಡು, ಬಚ್ಚಲು ತೊಳೆಯುವ ಆಸಿಡ್. ಇದು ಹೈಡ್ರೋಕ್ಲೋರಿಕ್ ಆಮ್ಲ. ಕಬ್ಬಿಣವನ್ನು ರಭಸದಿಂದ ತಿನ್ನುತ್ತದೆ, ಅದರ ಹಬೆ ಪಕ್ಕದಲ್ಲಿಟ್ಟ ಸ್ಪ್ಯಾನರುಗಳಿಗೂ ತುಕ್ಕು ಹಿಡಿಸುತ್ತದೆ. ಅಕಸ್ಮಾತ್ ಬ್ಲೀಚಿಂಗ್ ಪೌಡರ್ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಮನೆಯಲ್ಲಿ ಅದರ ಗೊಡವೆ ಬೇಡ.

ಮೇಲೆತ್ತಿದ ಮೇಲೆ

ದ್ರಾವಣದಿಂದ ತೆಗೆದ ಕಬ್ಬಿಣ ಮೈಮೇಲೆ ಯಾವ ರಕ್ಷಣೆಯೂ ಇಲ್ಲದ ಬೆತ್ತಲೆ ಕಬ್ಬಿಣ. ಒದ್ದೆಯಾಗಿ ಬಿಟ್ಟರೆ ನೋಡನೋಡುತ್ತಲೇ ಕೆಂಪಾಗುತ್ತದೆ. ಆದ್ದರಿಂದ ಕೆಲಸವನ್ನು ಒಂದೇ ಉಸಿರಿನಲ್ಲಿ ಮುಗಿಸಬೇಕು. ಶುದ್ಧ ನೀರಿನಲ್ಲಿ ಜಾಲಿಸಿ, ಚಿಟಿಕೆ ಅಡುಗೆ ಸೋಡ ಹಾಕಿದ ನೀರಿನಲ್ಲಿ ಅದ್ದಿ, ಒಣಬಟ್ಟೆಯಿಂದ ಒರೆಸಿ, ಸುಡುಬಿಸಿಲಿನಲ್ಲಿ ಒಣಗಿಸಿ, ತಕ್ಷಣ ಎಣ್ಣೆ ಸವರಬೇಕು ಇಲ್ಲವೇ ಪ್ರೈಮರ್ ಬಳಿಯಬೇಕು.

ಅಂಗಡಿಗಳಲ್ಲಿ ಸಿಗುವ ಫಾಸ್ಫಾರಿಕ್ ಆಮ್ಲದ ದ್ರಾವಣಗಳು ಕಬ್ಬಿಣದ ಮೇಲೆ ಫಾಸ್ಫೇಟಿನ ತೆಳು ಪದರವನ್ನು ಕೂರಿಸಿ ಬಣ್ಣ ಹಿಡಿಯಲು ಸಹಾಯ ಮಾಡುತ್ತವೆ. ಫಾಸ್ಫೇಟಿನ ಈ ಕಾವಲಿಗೆ ದೊಡ್ಡ ಸಾಕ್ಷಿ ದೆಹಲಿಯ ಕಬ್ಬಿಣದ ಕಂಬ. ಸುಮಾರು 1600 ವರ್ಷಗಳಿಂದ ನಿಂತಿರುವ ಆ ಕಂಬದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದ ಮೈಮೇಲೆ ಉಂಟಾದ ಫಾಸ್ಫೇಟಿನ ಪದರವೇ ಕಂಬವನ್ನು ಕಾಯುತ್ತಿದೆ ಎಂದು ಕಾನ್ಪುರದ ಐಐಟಿಯ ಪ್ರೊ. ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದರು.

ಬಳಸಿದ ದ್ರಾವಣವನ್ನು ಬಾವಿಯ ಬಳಿಯೋ ದನಕರು ನೀರು ಕುಡಿಯುವ ಕಡೆಯೋ ಚೆಲ್ಲಬಾರದು. ಕಬ್ಬಿಣವಷ್ಟೇ ಆಗಿದ್ದರೆ ಹೆಚ್ಚು ಅಪಾಯವಿರಲಿಲ್ಲ. ಆದರೆ ಹಳೆಯ ಭಾಗಗಳಿಂದ ಸತು ಕರಗಿರಬಹುದು, ಹಳೆಯ ಬಣ್ಣದಲ್ಲಿ ಸೀಸವಿರಬಹುದು.

ಯಾವುದನ್ನು ಮುಳುಗಿಸಬಾರದು?

ಕಾರ್ಬುರೇಟರ್, ಎಂಜಿನ್ನಿನ ಹೊರಕವಚಗಳು ಅಲ್ಯೂಮಿನಿಯಂ ಅಥವಾ ಸತುವಿನ ಮಿಶ್ರಲೋಹದವು. ಅವಕ್ಕೆ ಹಿಡಿಯುವುದು ತುಕ್ಕಲ್ಲ, ಈ ದ್ರಾವಣದಿಂದ ಅವು ಕೆಡುತ್ತವೆ. ಸತುವಿನ ಲೇಪವಿರುವ ನಟ್ಟು ಬೋಲ್ಟುಗಳ ಲೇಪ ಕರಗಿಹೋಗುತ್ತದೆ. ಕ್ರೋಮ್ ಲೇಪದ ಹ್ಯಾಂಡಲ್, ರಿಮ್ಮುಗಳಲ್ಲಿ ಕಾಣುವ ಕೆಂಪು ಚುಕ್ಕೆಗಳು ಲೇಪದ ಸೂಜಿಮೊನೆಯಂಥ ತೂತುಗಳಿಂದ ಹೊರಬಂದ ತುಕ್ಕು. ಚುಕ್ಕೆ ಹೋದರೂ ತೂತು ಉಳಿಯುತ್ತದೆ. ಬೇರಿಂಗ್, ರಬ್ಬರ್ ಸೀಲುಗಳಿರುವ ಜೋಡಣೆಗಳನ್ನು ಇಡಿಯಾಗಿ ಅದ್ದಲೇಬಾರದು.

ಮುಖ್ಯವಾದದ್ದು ಸ್ಪ್ರಿಂಗು, ಚೈನು ಮತ್ತು ಗಡಸು ಉಕ್ಕಿನ ಬೋಲ್ಟುಗಳ ವಿಷಯ. ಆಮ್ಲ ಕಬ್ಬಿಣವನ್ನು ತಿನ್ನುವಾಗ ಹುಟ್ಟುವ ಜಲಜನಕದ ಸ್ವಲ್ಪ ಭಾಗ ಉಕ್ಕಿನ ಒಳಗೇ ನುಸುಳುತ್ತದೆ. ಮೆದು ಉಕ್ಕಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ಗಡಸು ಉಕ್ಕು ಮಾತ್ರ ಪೆಡಸಾಗಿ, ಭಾರ ಬಿದ್ದಾಗ ಬಾಗದೆ ಸರಕ್ಕನೆ ಮುರಿಯಬಹುದು. ಲೋಹಲೇಪನದ ಕಾರ್ಖಾನೆಗಳಲ್ಲಿ ಇಂಥ ಭಾಗಗಳನ್ನು ಸುಮಾರು 190ರಿಂದ 220 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಜಲಜನಕವನ್ನು ಹೊರಗೆಡಹುತ್ತಾರೆ. ಸೋಡ ಬೆರೆಸಿದ ದ್ರಾವಣದಲ್ಲಿ ಈ ಅಪಾಯ ಕಡಿಮೆಯಾದರೂ ಪ್ರಾಣದ ಪ್ರಶ್ನೆಯಿರುವಲ್ಲಿ ಪರೀಕ್ಷೆ ಬೇಡ. ಸ್ಪ್ರಿಂಗು, ಚೈನುಗಳನ್ನು ಹೊಸದು ಹಾಕುವುದೇ ಸರಿ.

ಪೆಟ್ರೋಲ್ ಟ್ಯಾಂಕಿನ ವಿಷಯವೂ ಬೇರೆಯೇ. ಖಾಲಿ ಟ್ಯಾಂಕಿನಲ್ಲಿರುವ ಪೆಟ್ರೋಲಿನ ಆವಿ ಪೆಟ್ರೋಲಿಗಿಂತ ಅಪಾಯಕಾರಿ, ಒಂದು ಕಿಡಿ ಸಾಕು. ಬಯಲಿನಲ್ಲಿ, ಬೆಂಕಿ ಬೀಡಿಗಳಿಂದ ದೂರದಲ್ಲಿ, ಸೋಪಿನ ನೀರಿನಿಂದ ಹಲವು ಸಲ ತೊಳೆದು ವಾಸನೆ ಹೋದ ಮೇಲಷ್ಟೇ ದ್ರಾವಣ ತುಂಬಬೇಕು. ಹೊರಗೆ ತಯಾರಿಸಿ ನೊರೆ ಪೂರ್ತಿ ನಿಂತ ದ್ರಾವಣವನ್ನೇ ಕಂಠಮಟ್ಟ ತುಂಬಬೇಕು, ಮುಚ್ಚಳ ಬಿಗಿಯಬಾರದು. ಒಳಗಿನ ತಗಡು ತೂತು ಬೀಳುವಷ್ಟು ತೆಳುವಾಗಿದ್ದರೆ ತುಕ್ಕೇ ಅದನ್ನು ಮುಚ್ಚಿಕೊಂಡಿರುತ್ತದೆ. ತೊಳೆದ ಮೇಲೆ ಸೋರತೊಡಗಿದರೆ ದ್ರಾವಣವನ್ನು ದೂರಿ ಫಲವಿಲ್ಲ, ತೂತು ಮೊದಲೇ ಇತ್ತು.

ವರ್ನಿಯರ್ ಹೇಳುವ ಸತ್ಯ

ತುಕ್ಕು ಬಿಟ್ಟ ಭಾಗವನ್ನು ಮತ್ತೆ ಗಾಡಿಗೆ ಹಾಕಬಹುದೇ? ಇದನ್ನು ಕಣ್ಣಿನಿಂದ ತೀರ್ಮಾನಿಸಬಾರದು. ಶಾಲೆಯ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ಸ್ ಇಲ್ಲಿ ಉಪಯೋಗಕ್ಕೆ ಬರುತ್ತದೆ.

8 ಮಿಲಿಮೀಟರ್ ವ್ಯಾಸದ ಒಂದು ಕಬ್ಬಿಣದ ಸರಳು ತುಕ್ಕು ಬಿಟ್ಟ ಮೇಲೆ 7 ಮಿಲಿಮೀಟರ್ ಇದೆ ಎಂದುಕೊಳ್ಳೋಣ. ಸುತ್ತ ಅರ್ಧ ಮಿಲಿಮೀಟರ್ ಹೋಗಿದೆ, ನೋಡುವವರಿಗೆ ಗೊತ್ತೇ ಆಗದು. ಆದರೆ ಎಳೆತವನ್ನು ತಡೆಯುವ ಶಕ್ತಿ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿದೆ. ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣ. 64ರ ಜಾಗದಲ್ಲಿ 49 ಉಳಿಯಿತು, ಹೆಚ್ಚುಕಡಿಮೆ ಕಾಲುಭಾಗ ಶಕ್ತಿ ಹೋಯಿತು. ಬಾಗುವಿಕೆಯನ್ನು ತಡೆಯುವ ಶಕ್ತಿಯಾದರೆ ವ್ಯಾಸದ ಘನಕ್ಕೆ ಅನುಗುಣ. 512ರ ಜಾಗದಲ್ಲಿ 343, ಅಂದರೆ ಮೂರನೇ ಒಂದು ಭಾಗ ಹೋಯಿತು. ಇದು ತುಕ್ಕು ಸಮನಾಗಿ ತಿಂದಿದ್ದರೆ ಮಾತ್ರ. ಒಂದೇ ಕಡೆ ಆಳವಾದ ಗುಳಿ ಬಿದ್ದಿದ್ದರೆ ಎಳೆತವೆಲ್ಲ ಆ ಗುಳಿಯ ತಳದಲ್ಲಿ ಕೇಂದ್ರೀಕರಿಸಿ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಆದ್ದರಿಂದ ಸ್ಟ್ಯಾಂಡು, ಮಡ್‌ಗಾರ್ಡಿನ ಪಟ್ಟಿ, ಟೂಲ್ ಬಾಕ್ಸಿನ ಮುಚ್ಚಳ, ಹಳೆಯ ಸ್ಪ್ಯಾನರ್, ಕಿಕ್ ಲಿವರಿನಂಥವನ್ನು ಧಾರಾಳವಾಗಿ ನೆನೆಹಾಕಿ, ಗುಳಿಯಿಲ್ಲದಿದ್ದರೆ ಬಳಸಬಹುದು. ಬ್ರೇಕಿನ ರಾಡು, ಚಕ್ರದ ಆಕ್ಸಲ್, ಹ್ಯಾಂಡಲ್ಲಿನ ಬುಡ, ಚಕ್ರದ ಕಡ್ಡಿಗಳಲ್ಲಿ ಗುಳಿ ಕಂಡರೆ ಅವು ಎಷ್ಟೇ ಹೊಳೆದರೂ ಅಪರೂಪದ ಮೂಲ ಭಾಗವೆಂದು ಕಪಾಟಿನಲ್ಲಿಡಿ, ರಸ್ತೆಗೆ ತರಬೇಡಿ. ಅನುಮಾನವಿದ್ದರೆ ಅನುಭವಿ ಮೆಕ್ಯಾನಿಕ್ಕಿಗೆ ತೋರಿಸಿ.

ವಿದ್ಯಾರ್ಥಿಗಳಿಗೊಂದು ಪ್ರಯೋಗ

ಮೂರು ಗಾಜಿನ ಲೋಟಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ ಹುಣಸೆ ನೀರು, ಎರಡನೆಯದರಲ್ಲಿ ಬರೀ ನಿಂಬೆ ಉಪ್ಪಿನ ದ್ರಾವಣ, ಮೂರನೆಯದರಲ್ಲಿ ಸೋಡ ಬೆರೆಸಿ ನೊರೆ ನಿಂತ ದ್ರಾವಣವಿರಲಿ. ಪ್ರತಿಯೊಂದರಲ್ಲೂ ಒಂದು ತುಕ್ಕು ಹಿಡಿದ ಮೊಳೆ, ಒಂದು ಹೊಸ ಮೊಳೆ ಹಾಕಿ. ಹಾಕುವ ಮೊದಲು ಎಲ್ಲ ಮೊಳೆಗಳನ್ನೂ ಶಾಲೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ. ಹೊಸ ಮೊಳೆ ಲೇಪವಿಲ್ಲದ ಕಬ್ಬಿಣದ್ದೇ ಆಗಿರಲಿ. ಒಂದು ಗಂಟೆ, ನಾಲ್ಕು ಗಂಟೆ, ಮಾರನೆಯ ದಿನ, ಹೀಗೆ ಮೂರು ಸಲ ಗಮನಿಸಿ. ಗುಳ್ಳೆ ಯಾವ ಲೋಟದಲ್ಲಿ ಹೆಚ್ಚು? ತುಕ್ಕು ಎಲ್ಲಿ ಬೇಗ ಬಿಟ್ಟಿತು? ಕೊನೆಯಲ್ಲಿ ತೊಳೆದು ಒಣಗಿಸಿ ಮತ್ತೆ ತೂಗಿ.

ತುಕ್ಕಿನ ಮೊಳೆ ತೂಕ ಕಳೆದುಕೊಳ್ಳುವುದು ಸಹಜ. ಆದರೆ ಹೊಸ ಮೊಳೆಯ ತೂಕ ಇಳಿದಿದ್ದರೆ ಆ ದ್ರಾವಣ ಕಬ್ಬಿಣವನ್ನೇ ತಿಂದಿದೆ ಎಂದರ್ಥ. ಒಳ್ಳೆಯ ದ್ರಾವಣ ಯಾವುದೆಂಬುದನ್ನು ತುಕ್ಕಿನ ಮೊಳೆಗಿಂತ ಹೊಸ ಮೊಳೆಯೇ ಚೆನ್ನಾಗಿ ಹೇಳುತ್ತದೆ.

ಹಳೆಯ ಗಾಡಿಯನ್ನು ಮಕ್ಕಳು ಬಿಚ್ಚಿ ಜೋಡಿಸುತ್ತೇವೆಂದರೆ ತಂದೆ ತಾಯಿಯರು ಒಮ್ಮೆಗೇ ಬೇಡವೆನ್ನಬೇಕಾಗಿಲ್ಲ. ಆಮ್ಲ, ಲವಣ, ಪಿಹೆಚ್, ವರ್ಗ, ಘನ ಎಂದು ಪುಸ್ತಕದಲ್ಲಿ ಓದಿದ್ದೆಲ್ಲ ಒಂದು ಬಕೆಟ್ಟಿನ ಸುತ್ತ ಕಣ್ಣೆದುರು ನಡೆಯುತ್ತದೆ. ಮಕ್ಕಳು ಗಾಡಿಯನ್ನು ರಸ್ತೆಗೆ ಇಳಿಸುವ ಮುನ್ನ ಬಕೆಟ್ಟಿನಿಂದ ಮೇಲೆದ್ದ ಪ್ರತಿ ಭಾಗದ ಅಳತೆಯನ್ನೂ ನೋಟ್ ಬುಕ್ಕಿನಲ್ಲಿ ಬರೆದು ತೋರಿಸಲಿ ಎಂಬ ಒಂದೇ ಷರತ್ತನ್ನು ಹಾಕಿದರೆ ಸಾಕು.